ಅಂಜಿಕೆಯ ಶಾಂತಿ ಮತ್ತು ಕಿತ್ತೂರಿನ ಪಾಠ



ಈಚೆಗೆ ನಮ್ಮ ಯರಗಟ್ಟಿಯ ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮಠದ ಪ್ರಸಾದದ ಪಂಕ್ತಿಯಲ್ಲಿ ಕೂಡ ದೂರದೇಶಗಳ ಯುದ್ಧದ ಮಾತು ಸಲೀಸಾಗಿ ಬರುತ್ತದೆ. ಅಮೆರಿಕ ಸುಮ್ಮನಿದ್ದೀತೇ, ರಷ್ಯಾ ಬಗ್ಗೀತೇ, ಚೀನಾ ಯಾರ ಕಡೆ ನಿಂತೀತು ಎಂದು ಹುಡುಗರು ಕ್ರಿಕೆಟ್ ಪಂದ್ಯದ ಹಾಗೆ ಲೆಕ್ಕ ಹಾಕುತ್ತಾರೆ. ಈ ಮಾತುಗಳೆಲ್ಲ ಕೊನೆಗೆ ಎರಡು ತೀರ್ಮಾನಕ್ಕೆ ಬಂದು ನಿಲ್ಲುತ್ತವೆ. ಒಂದು: ಎದುರಾಳಿಗೆ ನಮ್ಮ ಅಂಜಿಕೆ ಇದ್ದರೆ ಸಾಕು, ಶಾಂತಿ ತಾನಾಗಿಯೇ ಉಳಿಯುತ್ತದೆ. ಎರಡು: ಭಾರತವೂ ಯಾವುದಾದರೊಂದು ದೊಡ್ಡ ದೇಶದ ಕೂಟ ಸೇರಿಬಿಟ್ಟರೆ ನಮ್ಮ ತಂಟೆಗೆ ಯಾರೂ ಬರುವುದಿಲ್ಲ.

ಪ್ರೌಢಶಾಲೆಯಲ್ಲಿ ಬಹಳ ವರ್ಷ ಇತಿಹಾಸ ಕಲಿಸಿದವನು ನಾನು. ಈ ಎರಡು ಮಾತುಗಳನ್ನು ಒರೆಗೆ ಹಚ್ಚಲು ವಾಷಿಂಗ್ಟನ್ನಿಗಾಗಲಿ ಮಾಸ್ಕೋಗಾಗಲಿ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಸವದತ್ತಿ, ರಾಮದುರ್ಗ, ನರಗುಂದ, ಬೈಲಹೊಂಗಲ, ಕಿತ್ತೂರು ಇವೆಲ್ಲ ಯರಗಟ್ಟಿಯಿಂದ ಒಂದು ದಿನದ ಬಸ್ಸಿನ ಓಡಾಟದಲ್ಲಿ ಮುಗಿಯುವ ಊರುಗಳು. 1785ರಿಂದ 1824ರವರೆಗೆ, ಅಂದರೆ ಸುಮಾರು 40 ವರ್ಷ, ನಮ್ಮ ಈ ನೆಲ ಆ ಕಾಲದ ಮಹಾಶಕ್ತಿಗಳ ಹೊಲಗಳ ನಡುವಿನ ಬದುವಾಗಿತ್ತು. ದಕ್ಷಿಣಕ್ಕೆ ಟಿಪ್ಪು ಸುಲ್ತಾನ, ಉತ್ತರಕ್ಕೆ ಪುಣೆಯ ಪೇಶ್ವೆ, ಪೂರ್ವಕ್ಕೆ ಹೈದರಾಬಾದಿನ ನಿಜಾಮ, ಸಮುದ್ರದ ಕಡೆಯಿಂದ ಇಂಗ್ಲಿಷ್ ಕಂಪನಿ. ಬದುವಿನ ಮೇಲೆ ಬದುಕಿದವರಿಗೆ ಏನಾಯಿತು ಎಂಬುದು ನಮ್ಮ ಮನೆಯ ಇತಿಹಾಸ.

ನೆರಳು ಬೇಡಿದ ನರಗುಂದ

ಮೊದಲು ನರಗುಂದ ನೋಡೋಣ. ಅಲ್ಲಿನ ಸಂಸ್ಥಾನಿಕ ವೆಂಕಟರಾವ್ ಭಾವೆ ಟಿಪ್ಪುವಿಗೆ ಕಪ್ಪ ಕೊಡಬೇಕಾದವನು. ಆದರೆ ಅವನ ನಂಟು, ನಂಬಿಕೆ ಎಲ್ಲ ಪುಣೆಯ ಕಡೆಗೆ. ಟಿಪ್ಪು ಕಪ್ಪವನ್ನು ಏರಿಸಿದಾಗ ಅವನು ಪುಣೆಯ ನೆರಳು ಬೇಡಿದ. ದೊಡ್ಡವರು ಬೆನ್ನಿಗಿದ್ದಾರೆ ಎಂದು ಗೊತ್ತಾದರೆ ಟಿಪ್ಪು ಹಿಂದೆ ಸರಿಯುತ್ತಾನೆ ಎಂಬುದು ಅವನ ಲೆಕ್ಕ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಪುಣೆಯಿಂದ ದಂಡು ಬಂದದ್ದೂ ಉಂಟು, ಆದರೆ ಕೋಟೆ ಉಳಿಯಲಿಲ್ಲ. ವೆಂಕಟರಾವ್ ಸೆರೆಯಾದ. ಅದೇ ಹೊಡೆತದಲ್ಲಿ ಕಿತ್ತೂರೂ ಟಿಪ್ಪುವಿನ ವಶವಾಯಿತು.

ಮರುವರ್ಷ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನ ಮೇಲೆ ಬಂದರು. ಬಾದಾಮಿಯ ಕೋಟೆ ಮರಾಠರ ಕೈಗೆ ಸಿಕ್ಕಿತು. 1787ರಲ್ಲಿ ದೊಡ್ಡವರು ರಾಜಿಯಾದರು. ಕಿತ್ತೂರು, ನರಗುಂದ ಮತ್ತೆ ಮರಾಠರ ಪಾಲಿಗೆ ಬಂದವು. ಯಾವ ಊರು ಯಾರಿಗೆ ಎಂದು ನಿರ್ಧರಿಸುವಾಗ ಆ ಊರಿನವರನ್ನು ಕೇಳುವ ಪದ್ಧತಿ ಇರಲಿಲ್ಲ.

ಇಂದು ಇಂಥ ನೆರಳಿಗೆ ‘ಅಣ್ವಸ್ತ್ರದ ಕೊಡೆ’ ಎನ್ನುತ್ತಾರೆ. ಸಣ್ಣ ದೇಶವೊಂದರ ಮೇಲೆ ಬಿದ್ದ ಪೆಟ್ಟು ತನ್ನ ಮೇಲೆಯೇ ಬಿದ್ದಂತೆ ಎಂದು ದೊಡ್ಡ ದೇಶ ಮಾತು ಕೊಡುತ್ತದೆ. ಮಾತು ಕೊಡುವುದು ಸುಲಭ. ಪರರ ಊರಿಗಾಗಿ ತನ್ನ ಊರನ್ನು ಪಣಕ್ಕೆ ಇಡುವನೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಪೆಟ್ಟು ಬಿದ್ದ ದಿನವೇ. ನರಗುಂದಕ್ಕೆ ಆ ಉತ್ತರ ಕೋಟೆ ಬಿದ್ದ ಮೇಲೆ ಸಿಕ್ಕಿತು.

ಕೂಟ ಕಟ್ಟಿದವರ ಗತಿ

1790ರಲ್ಲಿ ಇಂಗ್ಲಿಷ್ ಕಂಪನಿ, ಪೇಶ್ವೆ, ನಿಜಾಮ ಈ ಮೂವರೂ ಟಿಪ್ಪುವಿನ ವಿರುದ್ಧ ಕೂಟ ಕಟ್ಟಿದರು. ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು, ಮುಂಬಯಿಯಿಂದ ಬಂದ ಕಂಪನಿಯ ತುಕಡಿ ಕೂಡಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದವು. ಬದ್ರುಜ್ಜಮಾನ್ ಖಾನ್ ಅದನ್ನು ಆರು ತಿಂಗಳಿಗೂ ಹೆಚ್ಚು ಕಾಲ ಕಾದು, 1791ರ ಏಪ್ರಿಲ್‌ನಲ್ಲಿ ಬಿಟ್ಟುಕೊಟ್ಟ. ಅಷ್ಟು ದಿನ ಅಷ್ಟು ದೊಡ್ಡ ದಂಡು ಒಂದೆಡೆ ಬೀಡುಬಿಟ್ಟರೆ ಸುತ್ತಲಿನ ಹೊಲಗಳ ಜೋಳ, ಕಣಕಿ, ಎತ್ತು, ಗಾಡಿಗಳ ಗತಿ ಏನು ಎಂಬುದನ್ನು ಒಕ್ಕಲುತನ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. 1799ರಲ್ಲಿ ಪ್ರಾಣವನ್ನೂ.

ಸೋತವನ ಕಥೆ ಅಲ್ಲಿಗೆ ಮುಗಿಯಿತು. ಗೆದ್ದ ಕೂಟದವರ ಕಥೆಯನ್ನು ನಮ್ಮ ಹುಡುಗರು ಓದಬೇಕು. ನಿಜಾಮ 1798ರಲ್ಲಿ ಕಂಪನಿಯ ಸಹಾಯಕ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇರಿಸಿಕೊಂಡ. ಆ ಸೈನ್ಯದ ಖರ್ಚಿಗಾಗಿ 1800ರಲ್ಲಿ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಬರೆದುಕೊಟ್ಟ. ಇವೆಲ್ಲ ಟಿಪ್ಪುವಿನಿಂದ ಗೆದ್ದು ಅವನ ಪಾಲಿಗೆ ಬಂದಿದ್ದ ನೆಲ. ಕೂಟ ಸೇರಿ ಪಡೆದದ್ದು ಕೂಟದ ಬಾಡಿಗೆಗೇ ಹೋಯಿತು. ಟಿಪ್ಪುವಿನ ನಂತರ ಮೈಸೂರಿನ ಗದ್ದುಗೆಗೆ ಮರಳಿದ ಒಡೆಯರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾಯಿತು. 1831ರಲ್ಲಿ ಆಡಳಿತವೇ ಅವರ ಕೈತಪ್ಪಿತು. ಪೇಶ್ವೆ ಎರಡನೇ ಬಾಜೀರಾಯ ತನ್ನವರಿಗೇ ಅಂಜಿ 1802ರಲ್ಲಿ ವಸಾಯಿಯಲ್ಲಿ ಕಂಪನಿಯೊಡನೆ ಒಪ್ಪಂದಕ್ಕೆ ಸಹಿ ಮಾಡಿದ: ಕಂಪನಿಯ 6,000 ಕಾಲಾಳುಗಳು ಅವನ ರಕ್ಷಣೆಗೆ, ಅದರ ಖರ್ಚಿಗೆ 26 ಲಕ್ಷ ರೂಪಾಯಿ ಉತ್ಪನ್ನದ ಪ್ರದೇಶ. ಕಂಪನಿಯನ್ನು ಕೇಳದೆ ಬೇರೆ ರಾಜರೊಡನೆ ವ್ಯವಹರಿಸುವಂತಿಲ್ಲ. 1818ರ ಹೊತ್ತಿಗೆ ಪೇಶ್ವೆಯ ರಾಜ್ಯವೇ ಇರಲಿಲ್ಲ.

ಇದರಲ್ಲಿ ಒಂದು ಸೂತ್ರವಿದೆ. ಬೇರೆಯವರ ಅಂಜಿಕೆಗೆ ದೊಡ್ಡವರ ಸೈನ್ಯವನ್ನು ಮನೆಯೊಳಗೆ ಕರೆದುಕೊಂಡವನು, ಮೊದಲು ಹಣದಲ್ಲಿ, ಆಮೇಲೆ ನೆಲದಲ್ಲಿ, ಕೊನೆಗೆ ತನ್ನ ಮಾತಿನ ಸ್ವಾತಂತ್ರ್ಯದಲ್ಲಿ ಬೆಲೆ ಕೊಡುತ್ತಾನೆ. ಕಾವಲುಗಾರನಿಗೆ ಸಂಬಳ ಕೊಡುವವನು ಮಾಲಕನಾಗಿರಬೇಕು. ಇಲ್ಲಿ ಸಂಬಳ ಕೊಟ್ಟವನೇ ಆಳಾದ.

1818 ಮರೆತರೆ 1824 ತಿಳಿಯದು

ಈಗ ಕಿತ್ತೂರು. ನಮ್ಮ ಹೆಮ್ಮೆಯ ಕಿತ್ತೂರಿನ ಬಗ್ಗೆ ಒಂದು ಕಹಿ ಮಾತನ್ನು ಸಮಾಜಸುಧಾರಕರಾದ ನಾವು ಹೇಳದಿದ್ದರೆ ಯಾರು ಹೇಳಬೇಕು? ಪ್ರತಿ ವರ್ಷ ಅಕ್ಟೋಬರ್ 23ರಂದು ನಾವು ಕಿತ್ತೂರಿನ ವಿಜಯವನ್ನು ನೆನೆಯುತ್ತೇವೆ. ಅದಕ್ಕೂ ಆರು ವರ್ಷ ಹಿಂದೆ, 1818ರಲ್ಲಿ ಜನರಲ್ ಮನ್ರೋ ಪೇಶ್ವೆಯ ಕೈಯಲ್ಲಿದ್ದ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರು ಕಂಪನಿಗೆ ನೆರವಾಗಿತ್ತು. ಈ ಮಾತು ಉತ್ಸವದ ವೇದಿಕೆಯಲ್ಲಿ ಕೇಳಿಬರುವುದು ಅಪರೂಪ.

ಯಾಕೆ ನೆರವಾಯಿತು? ಕಾರಣ ಅರ್ಥವಾಗದ್ದೇನಲ್ಲ. ದೇಸಾಯಿ ಮಲ್ಲಸರ್ಜನನ್ನು ಪೇಶ್ವೆ ಸೆರೆಹಿಡಿದು ಪುಣೆಗೆ ಒಯ್ದಿದ್ದ. ಬಿಡುಗಡೆಯಾದಾಗ ದೇಹ ಬಸವಳಿದಿತ್ತು. 1816ರಲ್ಲಿ ಮಲ್ಲಸರ್ಜ ತೀರಿಕೊಂಡ. ತಂದೆಯನ್ನು ಸೆರೆಯಲ್ಲಿಟ್ಟವನ ವಿರುದ್ಧ ನಿಂತವನು ಮಿತ್ರನಾಗಿ ಕಂಡರೆ ಆಶ್ಚರ್ಯವಿಲ್ಲ. ವೈರಿಯ ವೈರಿ ಮಿತ್ರ ಎಂಬ ಲೆಕ್ಕ ಅಂದಿಗೂ ಇತ್ತು, ಇಂದಿಗೂ ಇದೆ. ನೆರವಿಗೆ ಪ್ರತಿಯಾಗಿ ಕಂಪನಿ ಕಿತ್ತೂರಿನ ಹಕ್ಕನ್ನು ಮಾನ್ಯ ಮಾಡಿತು. ಕಾಗದ ಬಂತು, ಮುದ್ರೆ ಬಿತ್ತು.

ಆರೇ ವರ್ಷ. 1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಪುತ್ರನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಒತ್ತಿಸಿದ. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಕೋಟೆಯ ಬಾಗಿಲು ತೆರೆದು ನುಗ್ಗಿದಾಗ ಥ್ಯಾಕರೆ ಸತ್ತ. ವಾಲ್ಟರ್ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಮುಂದೆ ಇದೇ ಎಲಿಯಟ್ ನಮ್ಮ ನಾಡಿನ ಶಾಸನಗಳನ್ನು ಸಂಗ್ರಹಿಸಿ ಹೆಸರಾದ ಎಂಬುದನ್ನು ಓದುಗರು ಬಲ್ಲರು. ಸೆರೆಯಾಳುಗಳಿರುವವರೆಗೆ ಕಂಪನಿಯ ಕೈ ಕಟ್ಟಿದಂತಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಕಿತ್ತೂರು ಅವರನ್ನು ಜೀವಂತವಾಗಿ ಬಿಟ್ಟುಕೊಟ್ಟಿತು. ಅದರ ಬೆನ್ನಿಗೇ ಎಲ್ಲ ಕಡೆಯಿಂದ ತರಿಸಿಕೊಂಡ ಸೈನ್ಯ ಕೋಟೆಯ ಮೇಲೆ ಬಿತ್ತು. ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯರಾದರು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

1818ರ ಕಿತ್ತೂರನ್ನು ಜರೆಯುವುದು ನನ್ನ ಉದ್ದೇಶವಲ್ಲ. ಬದುವಿನ ಮೇಲೆ ನಿಂತವರಿಗೆ ಒಳ್ಳೆಯ ಆಯ್ಕೆಗಳು ಕಡಿಮೆ. ಆದರೆ ಚೆನ್ನಮ್ಮನ ಧೈರ್ಯವನ್ನು ಮಾತ್ರ ನೆನೆದು, ಆ ಧೈರ್ಯ ಯಾಕೆ ಅಷ್ಟು ಒಂಟಿಯಾಯಿತು ಎಂದು ಕೇಳದಿದ್ದರೆ ನಾವು ಅರ್ಧ ಪಾಠವನ್ನಷ್ಟೇ ಓದಿದಂತೆ. 1824ರಲ್ಲಿ ಕಿತ್ತೂರಿನ ನೆರವಿಗೆ ಬರಬಲ್ಲ ದೊಡ್ಡವರು ಒಬ್ಬರೂ ಉಳಿದಿರಲಿಲ್ಲ. ಕೂಟಗಳು ಒಬ್ಬರಿಂದ ಒಬ್ಬರನ್ನು ತಿನ್ನಿಸಿ ಮುಗಿಸಿದ್ದವು.

ಬಾಂಬು ಬಂದ ಮೇಲೆ

‘ಇದೆಲ್ಲ ತೋಪಿನ ಕಾಲದ ಮಾತು, ಅಣುಬಾಂಬು ಬಂದ ಮೇಲೆ ಲೆಕ್ಕ ಬದಲಾಗಿದೆ’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 1949ರಲ್ಲಿ ಅಮೆರಿಕದ ಮುಂದಾಳುತನದಲ್ಲಿ ನ್ಯಾಟೋ ಕೂಟ ಹುಟ್ಟಿತು. 1955ರಲ್ಲಿ ಸೋವಿಯತ್ ಒಕ್ಕೂಟ ವಾರ್ಸಾ ಕೂಟ ಕಟ್ಟಿತು. ಇಬ್ಬರೂ ಭೂಮಿಯನ್ನೇ ಸುಡಬಲ್ಲಷ್ಟು ಬಾಂಬು ಪೇರಿಸಿಟ್ಟರು. ಆದರೂ ಈ ಇಬ್ಬರ ನಡುವೆ ನೇರ ಮಹಾಯುದ್ಧ ನಡೆಯಲಿಲ್ಲ. ಅದರಲ್ಲಿ ಅಂಜಿಕೆಗೂ ಪಾಲಿದೆ, ಅದನ್ನು ಒಪ್ಪೋಣ.

ಒಪ್ಪಿದ ಮೇಲೆ ಮೂರು ಪ್ರಶ್ನೆ ಕೇಳೋಣ.

ಮೊದಲನೆಯದು, ಆ ಶಾಂತಿಯನ್ನು ಕಾದವರು ಯಾರು? 1962ರ ಅಕ್ಟೋಬರ್ 27ರಂದು, ಕ್ಯೂಬಾದ ಬಿಕ್ಕಟ್ಟಿನ ನಡುವೆ, ಅಮೆರಿಕದ ಹಡಗುಗಳು ಸುತ್ತುವರಿದಿದ್ದ ಸೋವಿಯತ್ ಜಲಾಂತರ್ಗಾಮಿಯೊಂದರಲ್ಲಿ ಅಣ್ವಸ್ತ್ರದ ಟಾರ್ಪೆಡೋ ಇತ್ತು. ಅದನ್ನು ಹಾರಿಸುವ ಮಾತು ಬಂದಾಗ ವಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ಒಪ್ಪಲಿಲ್ಲ. 1983ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಸೋವಿಯತ್ ಯಂತ್ರಗಳು ಸುಳ್ಳು ಎಚ್ಚರಿಕೆ ಕೊಟ್ಟಾಗ, ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ ಅದನ್ನು ನಂಬದೆ ತಡೆದ. ಅಂಜಿಕೆಯ ಯಂತ್ರ ಎರಡು ಸಲವೂ ಬೆಂಕಿಯ ಕಡೆಗೇ ತಳ್ಳಿತ್ತು. ತಡೆದದ್ದು ಒಬ್ಬ ಮನುಷ್ಯನ ವಿವೇಕ, ಅಂತಃಸಾಕ್ಷಿ. ಅಂಥ ಮನುಷ್ಯ ಪ್ರತಿ ಸಲವೂ ಆ ಕುರ್ಚಿಯಲ್ಲೇ ಕೂತಿರುತ್ತಾನೆ ಎಂದು ಯಾರು ಭರವಸೆ ಕೊಡಬಲ್ಲರು?

ಎರಡನೆಯದು, ಬದುವಿನ ಮೇಲಿದ್ದವರಿಗೆ ಶಾಂತಿ ಸಿಕ್ಕಿತೇ? ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕೊರಿಯಾ, ವಿಯೆಟ್ನಾಂ, ಅಫ್ಘಾನಿಸ್ತಾನ ಆ ಗಿಡಗಳು. ಈಗ ಉಕ್ರೇನ್. 1994ರಲ್ಲಿ ಅದು ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದಾಗ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಅದರ ಗಡಿಯನ್ನು ಗೌರವಿಸುವ ಮಾತು ಕೊಟ್ಟು ಸಹಿ ಹಾಕಿದರು. 2014ರಲ್ಲಿ ಕ್ರೈಮಿಯಾ ಹೋಯಿತು. 2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ಒಳನುಗ್ಗಿತು. ಕಿತ್ತೂರಿನ ಕಾಗದಕ್ಕೂ ಈ ಕಾಗದಕ್ಕೂ ವ್ಯತ್ಯಾಸ ಎಷ್ಟು?

ಆ ಬೆಂಕಿಯ ಕಿಡಿ ನಮ್ಮ ಅಂಗಳಕ್ಕೂ ಬಿತ್ತು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ದಾಳಿಗೆ ಬಲಿಯಾದ. ಅವನು ಹೊರಗೆ ಬಂದದ್ದು ಊಟದ ಸಾಮಾನು ತರಲು. ರಷ್ಯಾಕ್ಕೂ ನ್ಯಾಟೋಗೂ ಇರುವ ಜಗಳದಲ್ಲಿ ಅವನದು ಯಾವ ಪಕ್ಷ? ಮೂರು ವಾರದ ಮೇಲೆ ದೇಹ ಊರಿಗೆ ಬಂದಾಗ ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ವೈದ್ಯನಾಗಲು ಹೋದ ಮಗ ಮುಂದಿನ ವೈದ್ಯರಿಗೆ ಪಾಠವಾಗಲಿ ಎಂದು. ದಾಸೋಹ ಎಂದರೇನು ಎಂದು ಕೇಳುವವರಿಗೆ ಆ ಮನೆಯನ್ನು ತೋರಿಸಬಹುದು. ಅದೇ ವರ್ಷ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿ ನಮ್ಮ ಅಡುಗೆಮನೆಗಳಿಗೂ ಯುದ್ಧದ ಬಿಸಿ ತಾಗಿತು. ಆ ಎಣ್ಣೆ ಹೆಚ್ಚಾಗಿ ಬರುತ್ತಿದ್ದುದು ಉಕ್ರೇನಿನಿಂದಲೇ.

ಇಲ್ಲಿ ಒಬ್ಬರು ಎದ್ದು ಕೇಳಬಹುದು: ‘ಹಾಗಾದರೆ ಉಕ್ರೇನ್ ಬಾಂಬು ಬಿಟ್ಟುಕೊಟ್ಟದ್ದೇ ತಪ್ಪಲ್ಲವೇ?’ ಬಿರುಸಿನ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಬಾಂಬು ಉಕ್ರೇನಿನ ನೆಲದಲ್ಲಿದ್ದರೂ ಅವುಗಳ ಕೀಲಿ ಮಾಸ್ಕೋದ ಕೈಯಲ್ಲಿತ್ತು ಎಂಬುದು ಒಂದು ಉತ್ತರ. ಎರಡನೆಯ ಉತ್ತರ ನಮ್ಮದೇ ಅನುಭವದಲ್ಲಿದೆ. 1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ಅಣುಪರೀಕ್ಷೆ ನಡೆಸಿದವು. ಇನ್ನು ಇಬ್ಬರ ನಡುವೆ ಯುದ್ಧವೇ ಇಲ್ಲ ಎಂದು ಹಲವರು ಭಾವಿಸಿದ್ದರು. ವರ್ಷ ತುಂಬುವುದರೊಳಗೆ ಕಾರ್ಗಿಲ್ ಯುದ್ಧ. ನಮ್ಮ 527 ಯೋಧರು ಮಡಿದರು. ಬಾಂಬು ಎರಡೂ ಕಡೆ ಇತ್ತು, ಯುದ್ಧವೂ ನಡೆಯಿತು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಾದ ಹುಡುಗರಿರುವ ನಮ್ಮ ಊರುಗಳಿಗೆ ಇದು ಪುಸ್ತಕದ ಮಾತಲ್ಲ.

ಮೂರನೆಯ ಪ್ರಶ್ನೆ ಧರ್ಮದ್ದು. ಅಣ್ವಸ್ತ್ರದ ಅಂಜಿಕೆ ಎಂದರೆ ಏನು? ನೆರೆಯವನು ನನ್ನ ಮೇಲೆ ಬರದಿರಲಿ ಎಂದು ಅವನ ಮನೆಯ ಮಕ್ಕಳು, ಮುದುಕರು, ದನಕರುಗಳ ಕೊರಳಿಗೆ ಸದಾ ಕತ್ತಿ ಹಿಡಿದಿರುವುದು. ಹಿರೋಶಿಮಾ, ನಾಗಸಾಕಿಗಳಲ್ಲಿ 1945ರ ಆಗಸ್ಟ್ 6 ಮತ್ತು 9ರಂದು ಸತ್ತವರಲ್ಲಿ ಹೆಚ್ಚಿನವರು ಸೈನಿಕರಲ್ಲ. ಧರ್ಮವನ್ನು ದಯೆಯ ಮೇಲೆ ನಿಲ್ಲಿಸಿದ ಬಸವಣ್ಣನವರ ಅನುಯಾಯಿಗಳು ಈ ಕತ್ತಿಗೆ ಜೈಕಾರ ಹಾಕುವುದು ಹೇಗೆ?

ಶರಣರು ಯಾವಾಗ ಕತ್ತಿ ಹಿಡಿದರು

ಸೈನ್ಯ ಬೇಡ ಎನ್ನುವವನು ನಾನಲ್ಲ. ನಮ್ಮ ಪರಂಪರೆಯೂ ಹಾಗೆ ಹೇಳುವುದಿಲ್ಲ. ಕಲ್ಯಾಣದ ಕ್ರಾಂತಿಯ ನಂತರ ವಚನಗಳ ಕಟ್ಟು ಹೊತ್ತು ಉಳವಿಯ ಕಡೆ ಹೊರಟ ಶರಣರು ಕಾದರವಳ್ಳಿಯಲ್ಲಿ ಬೆನ್ನಟ್ಟಿ ಬಂದ ಸೈನ್ಯದೊಡನೆ ಹೋರಾಡಿದರೆಂದು ನಮ್ಮ ಭಾಗದ ಪರಂಪರೆ ಹೇಳುತ್ತದೆ. ಅವರು ಕತ್ತಿ ಹಿಡಿದದ್ದು ತಮ್ಮೊಡನಿದ್ದ ಜನರನ್ನೂ ಅರಿವಿನ ಗಂಟನ್ನೂ ಕಾಯಲು. ಯಾರದೋ ಊರನ್ನು ಅಂಜಿಸಲು ಅಲ್ಲ, ಒಬ್ಬ ಅರಸನ ಪರವಾಗಿ ಇನ್ನೊಬ್ಬನ ಮೇಲೆ ಹೋಗಲೂ ಅಲ್ಲ. ಕಾಯಲು ಹಿಡಿದ ಕತ್ತಿ ಬೇರೆ, ಅಂಜಿಸಲು ಹಿಡಿದ ಕತ್ತಿ ಬೇರೆ. ನಮ್ಮ ದೇಶದ ನೀತಿಯನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕು.

ಸ್ವತಂತ್ರ ಭಾರತ 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲಿ ಅಲಿಪ್ತ ದೇಶಗಳ ಜೊತೆ ನಿಂತದ್ದು ಅಂಜಿಕೆಯಿಂದಲ್ಲ, ಬದುವಿನ ಪಾಠದಿಂದ. 1971ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾಪಡೆ ಬಂಗಾಳ ಕೊಲ್ಲಿಗೆ ಬಂದಾಗ ಆ ಒಪ್ಪಂದ ಕೆಲಸಕ್ಕೂ ಬಂತು. ಆದರೆ ಸೋವಿಯತ್ ಸೈನ್ಯವನ್ನು ನಮ್ಮ ನೆಲದಲ್ಲಿ ಇರಿಸಿಕೊಳ್ಳಲಿಲ್ಲ, ವಾರ್ಸಾ ಕೂಟ ಸೇರಲಿಲ್ಲ. ನೆರವು ಪಡೆಯುವುದಕ್ಕೂ ನೆರಳಲ್ಲಿ ಮಲಗುವುದಕ್ಕೂ ಇರುವ ಅಂತರ ಇದು. ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ ಎಂದು ಭಾರತ ಘೋಷಿಸಿಕೊಂಡಿರುವುದೂ ಕಾಯುವ ಕತ್ತಿಯ ಕಡೆಗೆ ಇಟ್ಟ ಹೆಜ್ಜೆಯೇ. ಆ ಮಾತನ್ನು ಸಡಿಲಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ನಾನು ಅದನ್ನು ವಿರೋಧಿಸುತ್ತೇನೆ.

ಅಂಜಿಕೆಯ ರಾಶಿ ಕರಗದೇ ಇರುವಂಥದ್ದಲ್ಲ. 1986ರ ಸುಮಾರಿಗೆ ಜಗತ್ತಿನಲ್ಲಿ 60 ಸಾವಿರಕ್ಕೂ ಹೆಚ್ಚು ಅಣ್ವಸ್ತ್ರಗಳಿದ್ದವು. ಇಂದು ಸುಮಾರು 12 ಸಾವಿರ. ಇಳಿಸಿದ್ದು ಬೆದರಿಕೆಯಲ್ಲ, ಮಾತುಕತೆ. 1987ರಲ್ಲಿ ರೇಗನ್, ಗೋರ್ಬಚೇವ್ ಎದುರುಬದುರು ಕೂತು ಒಂದು ಬಗೆಯ ಕ್ಷಿಪಣಿಗಳನ್ನೇ ನಾಶಮಾಡುವ ಒಪ್ಪಂದಕ್ಕೆ ಸಹಿ ಹಾಕಿದರು. ಆ ಒಪ್ಪಂದ 2019ರಲ್ಲಿ ಮುರಿದುಬಿತ್ತು ಎಂಬುದೂ ನಿಜ. ಮಾತುಕತೆ ನಿಂತ ಕಡೆ ರಾಶಿ ಮತ್ತೆ ಬೆಳೆಯುತ್ತದೆ. ಅರಸನ ಮಂತ್ರಿಯೂ ಮಡಿವಾಳನೂ ಅಂಬಿಗನೂ ಒಂದೇ ನೆಲದ ಮೇಲೆ ಕೂತು ಮಾತಾಡಿದ ಅನುಭವ ಮಂಟಪ ನಮ್ಮದು. ಬಲವಂತನೂ ಬಲಹೀನನೂ ಸರಿಸಮ ಕೂತು ಮಾತಾಡಬಹುದೆಂದು ಜಗತ್ತಿಗೆ ಹೇಳುವ ಹಕ್ಕು ನಮಗಿದೆ. ಹೇಳುವ ಹೊಣೆಯೂ ಇದೆ.

ನಾವು ಮಾಡಬೇಕಾದ್ದು

ಯರಗಟ್ಟಿಯವರು ಮಾತಾಡಿದರೆ ಮಹಾಶಕ್ತಿಗಳು ಕೇಳುತ್ತವೆಯೇ ಎಂದು ನಗಬೇಡಿ. ನಮ್ಮ ಕೈಯಲ್ಲಿರುವ ಕೆಲಸಗಳು ಮೂರು.

ಕಿತ್ತೂರಿನ ವಿಜಯೋತ್ಸವದ ದಿನ ಪ್ರತಿ ಮಠದಲ್ಲಿ ಒಂದು ಅನುಭಾವಗೋಷ್ಠಿ ನಡೆಯಲಿ. ಅಲ್ಲಿ 1785, 1818, 1824 ಈ ಮೂರನ್ನೂ ಒಟ್ಟಿಗೆ ಓದಲಿ. ಮೆರವಣಿಗೆಯ ಕುದುರೆಯ ಜೊತೆ ಈ ಪಾಠವೂ ಊರೊಳಗೆ ಬರಲಿ.

ಮಠದ ವೇದಿಕೆಯಿಂದ ಯುದ್ಧಕ್ಕೆ ಜೈಕಾರ ಬೇಡ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮನೆಗೆ ದಾಸೋಹದ ಕೈ ಮೊದಲು ತಲುಪಲಿ. ಒಂದು ದಿನದ ಹಾರಕ್ಕೆ ಅದು ನಿಲ್ಲದಿರಲಿ, ಮಕ್ಕಳ ಓದು ಮುಗಿಯುವವರೆಗೂ ನಡೆಯಲಿ.

ಮತ ಕೇಳಲು ಬರುವವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎಂಬ ಮಾತಿಗೆ ನೀವು ಬದ್ಧರೇ? ನಮ್ಮ ಹುಡುಗರನ್ನು ಯಾರದೋ ಕೂಟದ ಯುದ್ಧಕ್ಕೆ ಕಳಿಸುವುದಿಲ್ಲ ಎನ್ನುವಿರಾ? ಉತ್ತರ ತಡವರಿಸಿದರೆ ಮತ್ತೆ ಕೇಳಿ.

ಅಂಜಿಕೆ ಯುದ್ಧವನ್ನು ಮುಂದೂಡಬಲ್ಲದು, ಇಲ್ಲವಾಗಿಸಲಾರದು. ಮುಂದೂಡಿ ಸಿಕ್ಕ ದಿನಗಳಲ್ಲಿ ಮಾತುಕತೆ ನಡೆದರೆ ಅದು ಶಾಂತಿಗೆ ದಾರಿ. ಇನ್ನಷ್ಟು ಬಾಂಬು ಪೇರಿಸಿದರೆ ಅದು ಸಾಲ. ಅದನ್ನು ತೀರಿಸಬೇಕಾದವರು ನಮ್ಮ ಮಕ್ಕಳು.